ನಾಳೆ ಮಳೆಗೆ ರಜೆ, ಆದ್ರೆ ಎಂಟೂವರೆಗೆ ಆನ್‌ಲೈನ್ ಕ್ಲಾಸಂತೆ! ಮನೇಲಿ ಎರಡು ಪುಟ್ಟ ಮಕ್ಕಳಿರೋರು ಏನ್ ಮಾಡ್ತೀರ?

ಕತ್ರಿಗುಪ್ಪೆ ಅಮ್ಮ (ರಾತ್ರಿ 8:42)

ನಮಸ್ಕಾರ ಎಲ್ಲರಿಗೂ. ನಾಳೆ ಶಾಲೆಗಳಿಗೆ ಡಿಸಿ ರಜೆ ಕೊಟ್ಟಿದ್ದಾರೆ ಅಂತ ಟೀವಿಯಲ್ಲಿ ಬಂದ ಸ್ವಲ್ಪ ಹೊತ್ತಿಗೇ ನಮ್ಮ ಶಾಲೆಯಿಂದ ಮೆಸೇಜು. ರಜೆ ಕಟ್ಟಡಕ್ಕೆ ಮಾತ್ರ, ಪಾಠಕ್ಕಲ್ಲ ಅನ್ನೋ ಅರ್ಥದಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಹೆಚ್ಚೂಕಮ್ಮಿ ಒಂದು ಗಂಟೆವರೆಗೆ ನಲವತ್ತು ನಿಮಿಷದ ಆರು ಪೀರಿಯಡ್ಡು, ನಡುವೆ ಐದೈದು ನಿಮಿಷ ಬಿಡುವು. ಯೂನಿಫಾರ್ಮ್ ಹಾಕ್ಕೊಂಡು ಕೂರಬೇಕಂತೆ. ಪಿಟಿ ಪೀರಿಯಡ್ಡೂ ಇದೆ!

ಮಗಳು ಮೂರನೇ ಕ್ಲಾಸು, ಮಗ ಒಂದನೇ ಕ್ಲಾಸು. ಇಬ್ಬರಿಗೂ ಒಂದೇ ಹೊತ್ತಿಗೆ ಬೇರೆ ಬೇರೆ ಲಿಂಕು. ಮನೇಲಿರೋದು ನನ್ನ ಆಫೀಸ್ ಲ್ಯಾಪ್‌ಟಾಪು, ನನ್ನ ಫೋನು. ನಾನು ಅಕೌಂಟ್ಸ್ ಕೆಲಸ ಮಾಡೋಳು, ಮನೆಯಿಂದಲೇ. ನಾಳೆ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಕೊನೇ ದಿನ. ಯಜಮಾನರು ಆರೂವರೆಗೇ ಪೀಣ್ಯಕ್ಕೆ ಹೊರಟುಬಿಡ್ತಾರೆ. ಅತ್ತೆ ಇದ್ದಾರೆ, ಪೇಪರ್ ಒಂದಕ್ಷರ ಬಿಡದೆ ಓದ್ತಾರೆ, ಆದ್ರೆ ಲಿಂಕ್ ಒತ್ತೋದು, ಮ್ಯೂಟ್ ತೆಗೆಯೋದು ಅವರಿಗೆ ಆಗಲ್ಲ.

ಅನುಭವ ಇರೋರು ಹೇಳಿ. ಇಬ್ಬರನ್ನೂ ಹೇಗೆ ಕೂರಿಸೋದು?

ವೈಟ್‌ಫೀಲ್ಡ್ ವನವಾಸಿ (8:50)

ಕೂರಿಸಲೇಬೇಡಿ. ರಜೆ ಅಂದ್ರೆ ರಜೆ. "ನೆಟ್ ಇಲ್ಲ" ಅಂತ ಒಂದು ಮೆಸೇಜ್ ಹಾಕಿ, ಬಿಸಿ ಬಿಸಿ ಬಜ್ಜಿ ಮಾಡಿ. 2020ರಿಂದ ಈ ನಾಟಕ ನೋಡಿ ಸಾಕಾಗಿದೆ. ಮಳೆಗೆ ಆನ್‌ಲೈನು, ಬಂದ್‌ಗೆ ಆನ್‌ಲೈನು. 2023ರ ಸೆಪ್ಟೆಂಬರಲ್ಲಿ ಕಾವೇರಿ ಬಂದ್ ಆದಾಗ ನಮ್ಮ ಎರಡನೇ ಕ್ಲಾಸ್ ವೀರ ಕ್ಯಾಮೆರಾ ಮುಂದೆ ತನ್ನ ಫೋಟೋ ನಿಲ್ಲಿಸಿ ಹೋಗಿದ್ದ. ಮಿಸ್ಸಿಗೆ ಎರಡನೇ ಪೀರಿಯಡ್‌ವರೆಗೂ ಗೊತ್ತಾಗಿರಲಿಲ್ಲ.

ನಿಯಮ ಪ್ರಕಾರ (8:58)

ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಮಾಡೋ ಹಾಗೇ ಇಲ್ಲ ಅಲ್ವಾ? 2020ರ ಜೂನ್‌ನಲ್ಲಿ ನಮ್ಮ ಸರ್ಕಾರವೇ ನಿಷೇಧ ಮಾಡಿತ್ತು. ಸುರೇಶ್ ಕುಮಾರ್ ಆಗ ಶಿಕ್ಷಣ ಸಚಿವರು. ಶಾಲೆಗೆ ಬರೆದು ಕೇಳಿ.

ಕೋರ್ಟು ಕಚೇರಿ (9:06)

ಮೇಲಿನವರು ಅರ್ಧ ಹೇಳಿದ್ರು. ನಿಷೇಧ ಆಗಿದ್ದು ಹೌದು. ಆಮೇಲೆ ಪ್ರೊ. ಎಂ.ಕೆ. ಶ್ರೀಧರ್ ಅವರ ಸಮಿತಿ ಮಾಡಿದ್ರು, ಆ ತಿಂಗಳ ಕೊನೇಲಿ ಮಿತಿ ಹಾಕಿ ಸ್ವಲ್ಪ ಸಡಿಲ ಮಾಡಿದ್ರು. 2020ರ ಜುಲೈ 8ಕ್ಕೆ ಹೈಕೋರ್ಟು ಆ ಆದೇಶಗಳಿಗೇ ತಡೆ ಕೊಟ್ಟಿತು. ಶಿಕ್ಷಣದ ಹಕ್ಕನ್ನು ಹಾಗೆ ಮೊಟಕು ಮಾಡೋಕಾಗಲ್ಲ ಅಂತ. ಆದ್ದರಿಂದ ಆ ನಿಷೇಧ ತೋರಿಸಿ ಶಾಲೆ ಜೊತೆ ಜಗಳಕ್ಕೆ ಹೋಗಬೇಡಿ, ನಿಲ್ಲಲ್ಲ.

ಕೈಯಲ್ಲಿ ಹಿಡಿದು ಮಾತಾಡೋಕೆ ಬೇರೆ ಕಾಗದ ಇದೆ. ಅದೇ ಜುಲೈನಲ್ಲಿ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ (ಈಗಿನ ಶಿಕ್ಷಣ ಸಚಿವಾಲಯ) ಹೊರಡಿಸಿದ "ಪ್ರಜ್ಞಾತಾ" ಮಾರ್ಗಸೂಚಿ. ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ, ಅದಕ್ಕಿಂತ ಹೆಚ್ಚಿಲ್ಲ. ನಿಮ್ಮ ಶಾಲೆ ಹಾಕಿರೋದು ನಾಲ್ಕು ಗಂಟೆ. ಅದು ಮಾರ್ಗಸೂಚಿ, ಕಾನೂನಲ್ಲ. ಆದ್ರೂ ಪ್ರಿನ್ಸಿಪಾಲರ ಮುಂದೆ ಇಡೋಕೆ ಇಷ್ಟು ಸಾಕು.

ನಲಿಕಲಿ ಟೀಚರ್ (9:20)

ಮೇಡಂ, ನಾನು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯವಳು. ನಮ್ಮಲ್ಲಿ 1, 2, 3 ಮೂರೂ ತರಗತಿಯ ಮಕ್ಕಳು ಒಂದೇ ಕೋಣೇಲಿ ಕೂರ್ತಾರೆ. ಒಂದನೇ ಕ್ಲಾಸು, ಮೂರನೇ ಕ್ಲಾಸು ಒಟ್ಟಿಗೆ ನಿಭಾಯಿಸೋ ನಿಮ್ಮ ನಾಳೆಯ ತಲೆನೋವು ನನಗೆ ದಿನದ ಕೆಲಸ. ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ: ಶಾಲೆಯ ಟೈಮ್ ಟೇಬಲ್ಲನ್ನ ಮನೆಗೆ ತರಬೇಡಿ.

ನಮ್ಮಲ್ಲಿ ತಟ್ಟೆಗಳು ಅಂತಿವೆ, ಅಂದ್ರೆ ಮಕ್ಕಳು ಗುಂಪು ಗುಂಪಾಗಿ ಕೂರೋ ಐದು ಜಾಗ. ಮೊದಲನೇ ತಟ್ಟೆಯ ಸುತ್ತ ಕೂತ ಮಕ್ಕಳಿಗೆ ಟೀಚರ್ ಪೂರ್ತಿ ಬೇಕು. ಎರಡನೇದಕ್ಕೆ ಆಗಾಗ ಬಂದು ನೋಡಿದ್ರೆ ಸಾಕು. ಆಮೇಲಿನ ಎರಡರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡ್ತಾರೆ. ಕೊನೇದರಲ್ಲಿ ಮಗು ತಾನೇ ಮಾಡ್ಕೊಳ್ಳುತ್ತೆ. ಅಂದ್ರೆ ನಾವು ಹೊತ್ತನ್ನ ಗಣಿತ, ಕನ್ನಡ, ಪರಿಸರ ಅಂತ ಮಾತ್ರ ಹಂಚಲ್ಲ, ಯಾರಿಗೆ ಯಾವಾಗ ನಾನು ಬೇಕು ಅಂತ ಹಂಚ್ತೀವಿ. ನಾಳೆ ನೀವೂ ಹಾಗೇ ಯೋಚಿಸಿ. ನೀವು ಪಕ್ಕದಲ್ಲೇ ಇರಬೇಕಾದ ಕೆಲಸ ಯಾವುದು? ಮಗಳು ತಮ್ಮನಿಗೆ ಹೇಳಿಕೊಡಬಹುದಾದ್ದು ಯಾವುದು? ಅತ್ತೆಯವರು ನೋಡ್ಕೊಳ್ಳೋದು ಯಾವುದು? ಇಬ್ಬರೂ ತಾವೇ ಮಾಡ್ಕೊಂಡಿರೋದು ಯಾವುದು?

ಈಗಲೇ ಕ್ಲಾಸ್ ಟೀಚರ್‌ಗೆ ಮೆಸೇಜ್ ಹಾಕಿ, ನಾಳೆ ಹೊಸ ಪಾಠ ಇರೋ ಪೀರಿಯಡ್ ಯಾವುದು ಅಂತ ಕೇಳಿ. ಅಷ್ಟಕ್ಕೆ ಮಾತ್ರ ಸ್ಕ್ರೀನ್ ಮುಂದೆ ಕೂರಿಸಿ. ಅಕ್ಕನಿಗೊಂದೆರಡು, ತಮ್ಮನಿಗೊಂದೆರಡು, ಒಂದರ ಮೇಲೊಂದು ಬೀಳದ ಹಾಗೆ ಆರಿಸಿಕೊಂಡ್ರೆ ಒಂದೇ ಫೋನಿನಲ್ಲೇ ಮುಗಿಯುತ್ತೆ, ನಿಮ್ಮ ಲ್ಯಾಪ್‌ಟಾಪ್ ನಿಮಗೆ.

ಚಿಕ್ಕವನಿಗೆ ಅತ್ತೆಯವರೇ ಟೀಚರ್. ಅ, ಆ, ಇ, ಈ ಅಂತ ಸಾಲಾಗಿ ಬರೆಸಬೇಡಿ ಅಂತ ಹೇಳಿ. ನಾವು ಶುರು ಮಾಡೋದೇ ರ, ಗ, ಸ, ದ, ಅ ಈ ಐದರಿಂದ. ಯಾಕೆ ಅಂದ್ರೆ ಅಷ್ಟು ಕಲಿತ ತಕ್ಷಣ ಮಗು ಸರ, ದರ, ಅರಸ, ಗರಗಸ ಅಂತ ಓದಿಬಿಡುತ್ತೆ. ನಲವತ್ತೊಂಬತ್ತು ಅಕ್ಷರ ಮುಗಿದ ಮೇಲೆ ಓದು ಅಂತ ಕಾಯಿಸಲ್ಲ. ಆಮೇಲೆ ಜ, ವ, ಮ, ಬ, ನ. ಹಳೇ ಪೇಪರ್ ಕೊಟ್ಟು ಆ ಐದಕ್ಷರಕ್ಕೆ ಸುತ್ತು ಹಾಕು ಅನ್ನಿ. ನೋಡಿ, ಎಷ್ಟು ಹೊತ್ತು ಕೂರ್ತಾನೆ!

ವೈಟ್‌ಫೀಲ್ಡ್ ವನವಾಸಿ (9:27)

ಟೀಚರ್, ಮರ್ಯಾದೆಯಿಂದ ಕೇಳ್ತಿದೀನಿ. ಒಂದು ದಿನ ಕಲೀದೇ ಇದ್ರೆ ಏನಾಗುತ್ತೆ?

ನಲಿಕಲಿ ಟೀಚರ್ (9:33)

ಒಂದು ದಿನಕ್ಕೆ ಏನೂ ಆಗಲ್ಲ ಸರ್. ನಿಮ್ಮ ಬಜ್ಜಿಗೆ ನನ್ನ ಅಡ್ಡಿ ಇಲ್ಲ.

ಆದ್ರೆ 2020ರ ಮಾರ್ಚಲ್ಲಿ ಬಾಗಿಲು ಹಾಕಿದ ಮೇಲೆ ಒಂದರಿಂದ ಐದನೇ ತರಗತಿ ಮಕ್ಕಳು ವಾಪಸ್ ಬಂದಿದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ 2020ರ ಆಗಸ್ಟಲ್ಲಿ ವಿದ್ಯಾಗಮ ಅಂತ ದೇವಸ್ಥಾನದ ಜಗಲಿ, ಮರದ ನೆರಳು ಅಂತ ಸಿಕ್ಕಲ್ಲಿ ಪಾಠ ಮಾಡಿದ್ವಿ, ಅದೂ ಅಕ್ಟೋಬರಲ್ಲಿ ನಿಂತಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಶುರುವಲ್ಲಿ ಒಂದು ಅಧ್ಯಯನ ಹೊರತಂದ್ರು. ಕರ್ನಾಟಕವೂ ಸೇರಿ ಐದು ರಾಜ್ಯ, 16,067 ಮಕ್ಕಳು, ಎರಡರಿಂದ ಆರನೇ ತರಗತಿ. ಅವರಲ್ಲಿ 92% ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳ್ಕೊಂಡಿದ್ರು, 82% ಮಕ್ಕಳು ಗಣಿತದ್ದು. ನನ್ನ ಕ್ಲಾಸಿಗೆ ಬಂದ ಮಕ್ಕಳು ಪೆನ್ಸಿಲ್ ಹಿಡಿಯೋದನ್ನೇ ಮರೆತಿದ್ರು. ಮರೆವು ಹೇಗೆ ಬರುತ್ತೆ ಅಂತ ಕಣ್ಣಾರೆ ನೋಡಿದೀನಿ, ಹಾಗಾಗಿ ಪಾಠ ತಪ್ಪಿದ್ರೂ ದಿನಕ್ಕೆ ಒಂದು ಪುಟ ಓದು, ನಾಲ್ಕು ಲೆಕ್ಕ ತಪ್ಪದಿರಲಿ ಅಂತೀನಿ.

ಮ್ಯೂಟ್ ಮಿಸ್ (9:41)

ಖಾಸಗಿ ಶಾಲೆ, ಎರಡನೇ ತರಗತಿ. ನಾಳೆ ಪರದೆಯ ಆ ಕಡೆ ಕೂರೋಳು ನಾನೇ. ನನ್ನ ಮಗಳು ಪಕ್ಕದ ರೂಮಲ್ಲಿ ಅವಳ ಮಿಸ್ಸಿನ ಮುಂದೆ ಕೂತಿರ್ತಾಳೆ, ನಾನು ಇಲ್ಲಿ ಬೇರೆಯವರ ಮಕ್ಕಳಿಗೆ "ಬೇಟಾ, ಅನ್‌ಮ್ಯೂಟ್ ಮಾಡು" ಅಂತಿರ್ತೀನಿ.

ಶಾಲೆಗಳು ಯಾಕೆ ಹೀಗೆ ಮಾಡ್ತವೆ ಅಂತ ಬೈಯೋ ಮೊದಲು ಕೇಳಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ಮಳೆ ರಜೆ ಕೊಟ್ಟಾಗ ಆ ಪಾಠ ಮುಂದೆ ಸರಿದೂಗಿಸಿ ಅಂತಾನೂ ಹೇಳ್ತಾರೆ. ಶನಿವಾರ ಪೂರ್ತಿ ದಿನ ಮಾಡಿದ್ರೆ ಪೋಷಕರು ಬೈತಾರೆ, ಆನ್‌ಲೈನ್ ಮಾಡಿದ್ರೂ ಬೈತಾರೆ, ಮಾಡದಿದ್ರೆ "ಫೀಸ್ ಯಾಕೆ ಕೊಡೋದು" ಅಂತಾರೆ.

ಆದ್ರೆ ನಾಲ್ಕು ಗಂಟೆ ಅನ್ನೋದು ನನಗೂ ಒಪ್ಪಿಗೆ ಇಲ್ಲ. ನಲವತ್ತು ನಿಮಿಷದಲ್ಲಿ ಹಾಜರಿ, "ಮಿಸ್ ಕೇಳಿಸ್ತಿಲ್ಲ", "ಮಿಸ್ ನಮ್ಮನೇಲಿ ಕರೆಂಟ್ ಹೋಯ್ತು", ಯಾರದೋ ಮನೆ ಕುಕ್ಕರ್ ವಿಷಲ್ಲು, ಇದಕ್ಕೇ ಕಾಲು ಭಾಗ ಹೋಗುತ್ತೆ. ನಿಜವಾದ ಪಾಠ ಹದಿನೈದು ನಿಮಿಷ. ಉಳಿದಿದ್ದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗೋದು. ಅದನ್ನ ನಾನು ದಂಡ ಅನ್ನಲ್ಲ, ಮಳೇಲಿ ಮನೆಯೊಳಗೆ ಸಿಕ್ಕಿಹಾಕ್ಕೊಂಡ ಮಕ್ಕಳಿಗೆ ಅದೂ ಬೇಕು.

ಅಮ್ಮಂದಿರಿಗೆ, ಅಪ್ಪಂದಿರಿಗೆ ಎರಡೇ ಕೋರಿಕೆ. ಪಕ್ಕದಲ್ಲಿ ಕೂತು ಉತ್ತರ ಪಿಸುಗುಟ್ಟಬೇಡಿ. ನಮಗೆ ಚೆನ್ನಾಗಿ ಕೇಳಿಸುತ್ತೆ! ಮಗು ತಪ್ಪು ಹೇಳಿದ್ರೇನೇ ಎಲ್ಲಿ ತಿಳಿದಿಲ್ಲ ಅಂತ ನನಗೆ ಗೊತ್ತಾಗೋದು. ಇನ್ನೊಂದು, ಒಂದನೇ ಕ್ಲಾಸಿನವರ ಫೋನನ್ನ ಮುಖದೆದುರು ನಿಲ್ಲಿಸಬೇಡಿ. ಬರೆಯೋ ಹೊತ್ತಲ್ಲಿ ನಾಲ್ಕು ದಪ್ಪ ಪುಸ್ತಕ ಪೇರಿಸಿ, ಅದರ ಮೇಲಿಂದ ಫೋನನ್ನ ಓರೆಯಾಗಿ ನೋಟ್‌ಬುಕ್ ಕಡೆಗೆ ಬಗ್ಗಿಸಿಡಿ. ಅಕ್ಷರ ಎಲ್ಲಿಂದ ಶುರು ಮಾಡ್ತಾನೆ, ಯಾವ ಕಡೆ ಸುತ್ತು ತಿರುಗಿಸ್ತಾನೆ ಅನ್ನೋದು ಕೈ ನೋಡಿದ್ರೆ ಮಾತ್ರ ಗೊತ್ತಾಗುತ್ತೆ. ಮುಖ ನೋಡಿ ನಾನೇನು ತಿದ್ದಲಿ?

ಕತ್ರಿಗುಪ್ಪೆ ಅಮ್ಮ (9:50)

ಫೋನ್ ಬಗ್ಗಿಸಿಡೋದು ಹೊಳೆದೇ ಇರಲಿಲ್ಲ ಮಿಸ್. ಕ್ಲಾಸ್ ಟೀಚರ್‌ಗೆ ಮೆಸೇಜ್ ಹಾಕಿದೆ. ಮಗಳಿಗೆ ಗಣಿತ, ಇಂಗ್ಲಿಷ್ ಹೊಸದು. ಮಗನಿಗೆ ಇಂಗ್ಲಿಷ್ ಒಂದೇ, ಉಳಿದಿದ್ದು ರಿವಿಷನ್ ಅಂತೆ. ಪಾಪ, ಅವರೂ ಒಳಗೊಳಗೆ "ಸದ್ಯ" ಅಂದ ಹಾಗಿತ್ತು ಉತ್ತರ.

ಬೊಮ್ಮನಹಳ್ಳಿ ತಾಯಿ (10:12)

ನಾನು ಗಾರ್ಮೆಂಟ್ಸ್‌ಗೆ ಹೋಗೋಳು. ನೀವೆಲ್ಲ ಎರಡು ಫೋನು, ಲ್ಯಾಪ್‌ಟಾಪು ಅಂತ ಮಾತಾಡ್ತಿದೀರ. ನಮ್ಮ ಮನೇಲಿ ದೊಡ್ಡ ಫೋನು ಒಂದೇ, ಅದು ಅವರಪ್ಪನ ಹತ್ರ. ಅವರು ಡೆಲಿವರಿ ಕೆಲಸ. ಫೋನು ಮನೇಲಿಟ್ಟು ಹೋದ್ರೆ ಆವತ್ತಿನ ದುಡಿಮೆ ಇಲ್ಲ. ಮಳೆ ಬಂದ ದಿನವೇ ಆರ್ಡರ್ ಜಾಸ್ತಿ ಬೇರೆ. ಮಗ ನಾಲ್ಕನೇ ಕ್ಲಾಸು. ಕ್ಲಾಸ್ ಗ್ರೂಪಿಗೆ ಬರೋ ಹೋಂವರ್ಕ್ ಅವನು ನೋಡೋದು ರಾತ್ರಿ ಅವರಪ್ಪ ಬಂದ ಮೇಲೆ, ಅಷ್ಟೊತ್ತಿಗೆ ಅವನಿಗೆ ನಿದ್ದೆ. ಮಾರನೇ ದಿನ ಶಾಲೇಲಿ "ಯಾಕೆ ಜಾಯಿನ್ ಆಗಿಲ್ಲ" ಅಂತ ಎಲ್ಲರ ಮುಂದೆ ನಿಲ್ಲಿಸ್ತಾರೆ.

ಟೀಚರ್ ಹೇಳಿದ್ರಲ್ಲ, ಪಕ್ಕದಲ್ಲಿ ಯಾರು ಇರ್ತಾರೆ ಅಂತ ಹಂಚಿಕೊಳ್ಳಿ ಅಂತ. ನಮ್ಮ ಮನೇಲಿ ಹಗಲು ಯಾರೂ ಇರಲ್ಲ. ಪಕ್ಕದ ಮನೆ ಅಜ್ಜಿ ಬಾಗಿಲಲ್ಲಿ ಕೂತು ನೋಡ್ಕೊಳ್ತಾರೆ, ಅಷ್ಟೇ.

ವೈಟ್‌ಫೀಲ್ಡ್ ವನವಾಸಿ (10:19)

ಶಾಲೆ ಹೆಸರು ಹೇಳಿ ಅಕ್ಕ. ಮಗುನ ನಿಲ್ಲಿಸೋದು ಅಂದ್ರೇನು?

ನಿರ್ವಾಹಕರು (10:21)

ಯಾವ ಶಾಲೆಯ ಹೆಸರೂ ಬೇಡ. ಹಾಕಿದ್ರೆ ತೆಗೀತೀವಿ.

ಮ್ಯೂಟ್ ಮಿಸ್ (10:25)

ಬೊಮ್ಮನಹಳ್ಳಿ ಅಕ್ಕ, ನೀವು ಹೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಮ್ಮ ಶಾಲೇಲೂ ಬಾರದ ಮಕ್ಕಳ ಪಟ್ಟಿ ಮಾಡಿ ಕಳಿಸಿ ಅಂತ ಆಫೀಸಿನವರು ಕೇಳ್ತಾರೆ. ಯಾಕೆ ಬರಲಿಲ್ಲ ಅಂತ ಬರೆಯೋಕೆ ಆ ಪಟ್ಟೀಲಿ ಜಾಗವೇ ಇರಲ್ಲ.

ನಲಿಕಲಿ ಟೀಚರ್ (10:31)

ಅಕ್ಕ, ನಿಮ್ಮ ಮಗನಿಗೆ ಫೋನ್ ಬೇಕಾಗಿಲ್ಲ, ಹಾಳೆ ಬೇಕು. ನಾಲ್ಕನೇ ಕ್ಲಾಸಿನವನು ತಾನೇ ಕೂತು ಮಾಡ್ತಾನೆ. ಬೆಳಿಗ್ಗೆ ಹೊರಡೋ ಮುಂಚೆ ಪಠ್ಯಪುಸ್ತಕದಲ್ಲಿ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ: ಇದು ಓದು, ಇದು ಮಾಡು. ಕನ್ನಡದಲ್ಲಿ ಒಂದು ಪುಟ ಜೋರಾಗಿ ಓದಿ ಆ ಅಜ್ಜಿಗೆ ಕಥೆ ಹೇಳಬೇಕು ಅನ್ನಿ. ಅಜ್ಜಿಗೆ ಓದೋಕೆ ಬರಬೇಕು ಅಂತೇನಿಲ್ಲ, ಕೇಳಿದ್ರೆ ಸಾಕು. ಕೇಳೋರಿದ್ದಾರೆ ಅಂದ್ರೆ ಮಗು ಓದುತ್ತೆ.

ರಾತ್ರಿ ಫೋನ್ ಬಂದಾಗ ಹೋಂವರ್ಕ್ ನೋಡೋ ಬದಲು, ವಾರಕ್ಕೊಮ್ಮೆ ಸ್ಟೋರಿವೀವರ್‌ನಲ್ಲಿ ಒಂದು ಕನ್ನಡ ಕಥೆ ಇಳಿಸಿಟ್ಟುಕೊಳ್ಳಿ. ಪ್ರಥಮ್ ಬುಕ್ಸ್‌ನವರ ವೆಬ್‌ಸೈಟು, ದುಡ್ಡು ಕೊಡಬೇಕಾಗಿಲ್ಲ. ಒಂದನೇ ಹಂತದ ಪುಸ್ತಕದಲ್ಲಿ ಪುಟಕ್ಕೆ ಒಂದೋ ಎರಡೋ ವಾಕ್ಯ, ನಾಲ್ಕನೇ ಹಂತಕ್ಕೆ ಹೋದ್ರೆ ಉದ್ದನೇ ಕಥೆ.

ಧಾರವಾಡದ ಅಜ್ಜ (10:44)

ನಾ ಧಾರವಾಡದಾಂವ, ಈಗ ರಾಜಾಜಿನಗರದಾಗ ಮಗನ ಮನ್ಯಾಗ ಇರ್ತೇನಿ. ನೀರಾವರಿ ಇಲಾಖಿಯೊಳಗ ಇದ್ದೆ. ನಿಮ್ಮ ಮಾತು ಎಲ್ಲಾ ಓದಿದೆ. ಎಲ್ಲಾರೂ ಮಳಿ ಬಂತು, ಸಾಲಿ ಇಲ್ಲ ಅಂತ ಅಳಾಕತ್ತೀರಿ. ಒಬ್ಬರೂ ಆ ಮಳಿ ಕಡೆ ನೋಡವಲ್ರಿ!

ಈಗ ಮಲಗೂಕಿಂತ ಮೊದಲ ಒಂದು ಕೆಲಸ ಮಾಡ್ರಿ. ಅಡಗಿ ಮನ್ಯಾಗ ಮ್ಯಾಲಿಂದ ತಳದ ತನಕಾ ಒಂದ ಅಗಲ ಇರೂ ನೆಟ್ಟಗಿನ ಡಬ್ಬಿ ಹುಡಕ್ರಿ. ಬಾಯಿ ಸಣ್ಣದಿರೂ ಬಾಟಲಿ ಬ್ಯಾಡ. ಅದನ್ನ ಮಾಳಗಿ ಮ್ಯಾಲೆ, ಗ್ವಾಡಿ, ಗಿಡ, ನೀರಿನ ಟಾಕಿ ಯಾವುದೂ ಮರೆ ಆಗದಂಗ ಇಟ್ಟು, ಗಾಳಿಗೆ ಬೀಳಬಾರದಂತ ಸುತ್ತಲೂ ನಾಕು ಇಟ್ಟಂಗಿ ಇಡ್ರಿ. ಮುಂಜಾನೆ ಎಂಟೂವರಿಗೆ ಮಕ್ಕಳ ಕೈಲೆ ಸ್ಕೇಲ್ ಕೊಟ್ಟು ನೀರು ಎಷ್ಟು ಮಿಲಿಮೀಟರ್ ನಿಂತೈತಿ ಅಳಸ್ರಿ. ಹವಾಮಾನ ಇಲಾಖಿಯವರೂ ದಿನಾ ಎಂಟೂವರಿಗೇ ಅಳಿಯೂದು, ಅಲ್ಲಿಂದ ಅಲ್ಲಿಗೆ 24 ತಾಸಿನ ಲೆಕ್ಕ. 64.5 ಮಿಲಿಮೀಟರ್ ಮುಟ್ಟಿತಂದ್ರ ಅವರ ಭಾಷಾದಾಗ ಅದು "ಭಾರೀ ಮಳಿ". ಮುಟ್ಟಲಿಲ್ಲಂದ್ರ ರಜಾ ಕೊಟ್ಟಿದ್ದು ಸರಿಯೋ ತಪ್ಪೋ ಅಂತ ಹುಡುಗರ ವಾದಾ ಮಾಡ್ಲಿ.

ಒಂದು ಮಿಲಿಮೀಟರ್ ಮಳಿ ಅಂದ್ರ ಒಂದು ಚದರ ಮೀಟರ್ ಜಾಗಾಕ್ಕ ಒಂದು ಲೀಟರ್ ನೀರು. ಇಷ್ಟ ಗೊತ್ತಿದ್ರ ಸಾಕು. 30x40 ಅಡಿ ಸೈಟ್ ಅಂದ್ರ ಸುಮಾರು 111 ಚದರ ಮೀಟರ್. 40 ಮಿಲಿಮೀಟರ್ ಬಿದ್ದಿದ್ರ ಆ ಸೈಟಿನ ಮ್ಯಾಲೆ 4,400 ಲೀಟರ್ ದಾಟಿ ಬಿದ್ದಂಗಾತು. ನೀವು ರೊಕ್ಕಾ ಕೊಟ್ಟು ತರಸೂ 20 ಲೀಟರಿನ ಕ್ಯಾನ್ ಐತಲ್ಲ, ಅಂಥಾವು 220! 2024ರ ಬ್ಯಾಸಗಿಯೊಳಗ ಇದ ಊರಾಗ ಟ್ಯಾಂಕರಿಗೆ ಸಾಲು ಹಚ್ಚಿದ್ವಿ ಅನ್ನೂದೂ ನೆನಪು ಮಾಡಿ ಕೊಡ್ರಿ.

ಕತ್ರಿಗುಪ್ಪೆ ಅಮ್ಮ (10:52)

ಅಜ್ಜಾರೇ, ಡಬ್ಬ ಇಟ್ಟು ಬಂದೆ. ರವೆ ಡಬ್ಬ. ಅತ್ತೆಗೆ ಇನ್ನೂ ಹೇಳಿಲ್ಲ.

ನಿಯಮ ಪ್ರಕಾರ (10:58)

ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2021ರ ಮಾರ್ಗಸೂಚಿ ಪ್ರಕಾರ 5ರಿಂದ 10 ವರ್ಷದ ಮಕ್ಕಳಿಗೆ ಇಡೀ ದಿನದ ಸ್ಕ್ರೀನು ಎರಡು ಗಂಟೆಗಿಂತ ಕಡಿಮೆ ಇರಬೇಕು. ಕ್ಲಾಸು ಮುಗಿಸಿ ಆಮೇಲೆ ಕಾರ್ಟೂನು ಅಂತ ಹಾಕಿದ್ರೆ ಎಲ್ಲಿಗೆ ಹೋಗುತ್ತೆ ಲೆಕ್ಕ ಹಾಕಿ.

ಕತ್ರಿಗುಪ್ಪೆ ಅಮ್ಮ (ಮಾರನೇ ದಿನ, ರಾತ್ರಿ 9:15)

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ. ರಿಟರ್ನ್ ಫೈಲ್ ಆಯ್ತು, ಮಕ್ಕಳೂ ಬದುಕಿದ್ದಾರೆ, ನಾನೂ ಇದೀನಿ.

ಎಂಟೂವರೆಗೆ ಮೂವರೂ ಕೊಡೆ ಹಿಡ್ಕೊಂಡು ಮಾಳಿಗೆಗೆ ಹೋದ್ವಿ. 31 ಮಿಲಿಮೀಟರ್. ಮಗ 30 ಅಂದ, ಮಗಳು 32 ಅಂದಳು, ಅಲ್ಲೇ ಜಗಳ. ಸ್ಕೇಲಿನ ತುದಿಯಲ್ಲಿ ಸೊನ್ನೆಗಿಂತ ಮುಂಚೆ ಒಂಚೂರು ಖಾಲಿ ಜಾಗ ಇರುತ್ತಲ್ಲ, ಅದನ್ನೂ ಸೇರಿಸಬೇಕಾ ಅಂತ ಮಗಳು ಕೇಳಿದಳು. ಇಷ್ಟು ವರ್ಷದಲ್ಲಿ ನನಗೇ ಬಂದಿರದ ಪ್ರಶ್ನೆ. ಎಂಟೂವರೆಯ ಮೊದಲ ಪೀರಿಯಡ್ಡು ಹೀಗೆ ತಪ್ಪಿತು, ಯಾರೂ ಕೇಳಲಿಲ್ಲ.

ಮಗನ ಇಂಗ್ಲಿಷ್ ಕ್ಲಾಸಿಗೆ ಫೋನು ಬಗ್ಗಿಸಿಟ್ಟೆ. ಅವರ ಮಿಸ್ಸು "ವಾವ್, ನಿನ್ನ ಬರವಣಿಗೆ ಕಾಣಿಸ್ತಿದೆ" ಅಂದಿದ್ದೇ ತಡ, ಉಳಿದ ಮಕ್ಕಳೆಲ್ಲ ತಮ್ಮ ತಮ್ಮ ಫೋನು ಬಗ್ಗಿಸೋಕೆ ಹೋಗಿ ಐದು ನಿಮಿಷ ಪರದೆ ತುಂಬ ಸೀಲಿಂಗ್ ಫ್ಯಾನು, ಮೊಣಕಾಲು, ಒಬ್ಬರ ಮನೆ ಬೆಕ್ಕು. ಮಿಸ್ಸಿಗೆ ಕ್ಷಮೆ ಕೇಳಬೇಕು.

ಮಧ್ಯೆ ಕರೆಂಟ್ ಹೋಯ್ತು. ಆಗ ಅತ್ತೆ ಪೇಪರ್ ಹಿಡ್ಕೊಂಡು ಬಂದ್ರು. ರ, ಗ, ಸ, ದ, ಅ ಸುತ್ತು ಹಾಕೋ ಆಟ. ಮೊದಲು ಅತ್ತೆಗೆ ಒಪ್ಪಿಗೆ ಇರಲಿಲ್ಲ, "ಅಕ್ಷರಮಾಲೆ ಬಿಟ್ಟು ಇದೆಂಥ ಕ್ರಮ" ಅಂತ. ಮಗ "ಚಿನ್ನದ ದರ" ಅನ್ನೋ ಶೀರ್ಷಿಕೇಲಿ "ದರ" ಅಂತ ತಾನೇ ಓದಿದ ನೋಡಿ, ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿಸಿದ್ರು. ಆಮೇಲೆ ಒಂದು ಗಂಟೆ ಇಬ್ಬರನ್ನೂ ಎಬ್ಬಿಸೋಕೆ ಆಗಲಿಲ್ಲ. ಅಷ್ಟರಲ್ಲಿ ನಾನು ಎರಡು ಕ್ಲೈಂಟ್ ಕೆಲಸ ಮುಗಿಸಿದೆ.

ಪಿಟಿ ಪೀರಿಯಡ್ಡಿಗೆ ಕೂರಿಸಬಾರದು ಅಂದುಕೊಂಡಿದ್ದೆ, ಇಬ್ಬರೂ ಅದೇ ಬೇಕು ಅಂತ ಹಟ. ಐವತ್ತು ಜಂಪಿಂಗ್ ಜ್ಯಾಕು. ಕೆಳಗಿನ ಮನೆ ಓನರ್ ಆಂಟಿ ಮೇಲೆ ಬಂದು "ಏನಮ್ಮಾ, ಮನೆ ಕೆಡವ್ತಿದೀರಾ" ಅಂದ್ರು.

ಕೆಟ್ಟಿದ್ದು ಮಗಳ ಗಣಿತ. 52ರಲ್ಲಿ 27 ಕಳೆಯೋದು. ನಾನು ನಮ್ಮ ಕಾಲದ ಹಾಗೆ "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂದೆ. "ನಮ್ಮ ಮಿಸ್ ಸಾಲ ಅನ್ನಲ್ಲ, ನಿನಗೆ ಗೊತ್ತಿಲ್ಲ" ಅಂತ ಅಳು. ತಟ್ಟೆಯ ಊಟ ಅಲ್ಲೇ ಬಿಟ್ಟು ಎದ್ದು ಹೋದಳು. ಇದಕ್ಕೇನು ಮಾಡೋದು?

ನಲಿಕಲಿ ಟೀಚರ್ (9:28)

ಅವಳು ಹೇಳಿದ್ದು ಸರಿ. ಸಾಲ ಅಂದ್ರೆ ವಾಪಸ್ ಕೊಡಬೇಕಲ್ಲ, ಇಲ್ಲಿ ಯಾರೂ ವಾಪಸ್ ಕೊಡಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಐದು ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಪಕ್ಕದಲ್ಲಿ ಬಿಡಿ ಕಡ್ಡಿ ಎರಡು ಇಡಿ. ಅದು 52. ಅದರಿಂದ ಏಳು ಕಡ್ಡಿ ಕೊಡು ಅನ್ನಿ. ಬಿಡಿ ಇರೋದು ಎರಡೇ. ಅವಳೇ ಒಂದು ಕಟ್ಟು ಬಿಚ್ತಾಳೆ. ಈಗ ಬಿಡಿ ಹನ್ನೆರಡು, ಕಟ್ಟು ನಾಲ್ಕು. ಏಳು ತೆಗೆದ್ರೆ ಐದು ಬಿಡಿ ಉಳೀತು, ನಾಲ್ಕು ಕಟ್ಟಿನಲ್ಲಿ ಎರಡು ತೆಗೆದ್ರೆ ಎರಡು ಕಟ್ಟು. 25. ಇಷ್ಟು ಕೈಯಲ್ಲಿ ಮಾಡಿದ ಮೇಲೆ ಪುಸ್ತಕದಲ್ಲಿ ಮೇಲೆ ಬರೆಯೋ ಆ ಪುಟ್ಟ 4 ಮತ್ತೆ 12 ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಅಳ್ತಾ ಇರೋವಾಗ ಲೆಕ್ಕ ನಿಲ್ಲಿಸಿ. ಹೊಸ ಲೆಕ್ಕ ಕಲಿಸೋದು ಟೀಚರ್ ಕೆಲಸ, ಅಮ್ಮನ ಮೇಲೆ ಅದನ್ನ ಹೊರಿಸಿದ್ದೇ ಈ ಮನೆ ಪಾಠದ ದೊಡ್ಡ ತೊಂದರೆ.

ಧಾರವಾಡದ ಅಜ್ಜ (9:36)

31 ಅಂದ್ರ ಭಾರೀ ಮಳಿ ಅಲ್ಲವಾ. ಆದರ ಡಬ್ಬಿ ಇಟ್ಟದ್ದು ರಾತ್ರಿ, ಹಗಲಿನ ಮಳಿ ಅದರಾಗ ಬಂದಿಲ್ಲ. ಹಂಗಂತ ಹುಡುಗಿಗೆ ಹೇಳ್ರಿ. ಸೊನ್ನಿಗಿಂತ ಮೊದಲಿನ ಖಾಲಿ ಜಾಗಾ ಸೇರಸಬೇಕು. ಅಕಿ ಭಾಳ ಶಾಣ್ಯಾಕಿ ಇದ್ದಾಳ. ಅಕಿ ಹೇಳಿದ 32 ಖರೇ ಇರಬಹುದು ನೋಡ್ರಿ.

ಬೊಮ್ಮನಹಳ್ಳಿ ತಾಯಿ (9:47)

ಮಗ ಪಕ್ಕದ ಮನೆ ಅಜ್ಜಿಗೆ ಪಾಠ ಓದಿ ಹೇಳಿದ್ನಂತೆ. ಅಜ್ಜಿ ತಮಿಳಿನವರು, ಅವರಿಗೆ ಅರ್ಧ ಅರ್ಥ ಆಗಿಲ್ಲ. ಅರ್ಥ ಆಗದ ಕಡೆಯೆಲ್ಲ ನಿಲ್ಲಿಸಿ ನಿಲ್ಲಿಸಿ ಕೇಳಿದ್ದಾರೆ, ಇವನು ಬಿಡಿಸಿ ಬಿಡಿಸಿ ಹೇಳಿದ್ದಾನೆ.

ಆದ್ರೆ ಇವತ್ತೂ ಗ್ರೂಪಲ್ಲಿ ಆಬ್ಸೆಂಟ್ ಪಟ್ಟೀಲಿ ಅವನ ಹೆಸರು ಬಂದಿದೆ. ಇದಕ್ಕೊಂದು ದಾರಿ ಮಾಡ್ರಪ್ಪ.

ಕೋರ್ಟು ಕಚೇರಿ (9:58)

ಒಂದು ಮನವಿ ಬರೆಯೋಣ. ಎಲ್ಲರೂ ಅವರವರ ಶಾಲೆಗೆ ಕೊಡಬಹುದು, ಹೆಸರು ಖಾಲಿ ಬಿಟ್ಟಿದೀನಿ.

"ಮಾನ್ಯರೇ, ಮಳೆ, ಬಂದ್ ಮೊದಲಾದ ಕಾರಣಕ್ಕೆ ಶಾಲೆ ಮುಚ್ಚಿದ ದಿನಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಅವಧಿ ದಿನಕ್ಕೆ ಎರಡನ್ನು ಮೀರದಂತೆ, ಪ್ರತಿ ಅವಧಿ 45 ನಿಮಿಷ ದಾಟದಂತೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಪ್ರಜ್ಞಾತಾ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಫೋನ್ ಇಲ್ಲದ ಕಾರಣಕ್ಕೆ ಸೇರಲಾಗದ ಮಕ್ಕಳನ್ನು ಗೈರುಹಾಜರಿ ಎಂದು ತೋರಿಸಬಾರದು, ತರಗತಿಯಲ್ಲಿ ಪ್ರಶ್ನಿಸಬಾರದು. ಆ ದಿನದ ಅಭ್ಯಾಸವನ್ನು ಹಾಳೆಯ ರೂಪದಲ್ಲಿ ಕೊಡಬೇಕು. ಯೂನಿಫಾರ್ಮ್ ಕಡ್ಡಾಯ ಮಾಡಬಾರದು."

ಮ್ಯೂಟ್ ಮಿಸ್ (10:04)

ಹಾಳೆ ಯಾವಾಗ ಕೊಡೋದು? ರಜೆ ಘೋಷಣೆ ಆಗೋದೇ ರಾತ್ರಿ, ಒಮ್ಮೊಮ್ಮೆ ಬೆಳಿಗ್ಗೆ ವ್ಯಾನ್ ಬರೋ ಹೊತ್ತಿಗೆ. ಹೀಗೆ ಬದಲಾಯಿಸಿ: ಜೂನ್ ತಿಂಗಳಲ್ಲೇ ಮೂರು ದಿನಕ್ಕಾಗುವಷ್ಟು ಅಭ್ಯಾಸದ ಹಾಳೆ ಒಂದು ಕವರಿನಲ್ಲಿ ಹಾಕಿ ಮನೆಗೆ ಕಳಿಸಬೇಕು. ಹೊಸ ಪಾಠ ಬೇಡ, ಕಲಿತದ್ದರ ಓದು, ಲೆಕ್ಕ, ಒಂದು ಚಿತ್ರ. ರಜೆ ಬಂದ ದಿನ ಕವರ್ ತೆಗೆಯೋದು, ಶಾಲೆಗೆ ಬಂದಾಗ ತಂದು ಕೊಡೋದು, ಅದೇ ಹಾಜರಿ. ನಾನು ಟೀಚರಾಗಿ ಹೇಳ್ತಿದೀನಿ, ಇದು ನಮಗೂ ಸುಲಭ.

ವೈಟ್‌ಫೀಲ್ಡ್ ವನವಾಸಿ (10:09)

ಜೆರಾಕ್ಸ್ ಖರ್ಚು ಯಾರದು ಅಂತ ಮೊದಲ ಪ್ರಶ್ನೆ ಬರುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಪೋಷಕರ ಗ್ರೂಪಿಂದ ನಮ್ಮ ಮಕ್ಕಳ ಕ್ಲಾಸಿಗೆ ಆಗೋಷ್ಟು ನಾನು ಎತ್ತಿಕೊಡ್ತೀನಿ. ಬಜ್ಜಿ ಹಕ್ಕು ಮಾತ್ರ ಬಿಟ್ಟುಕೊಡಲ್ಲ.

ಬೊಮ್ಮನಹಳ್ಳಿ ತಾಯಿ (10:13)

ಈ ಕಾಗದ ನಾನೊಬ್ಬಳೇ ಕೊಟ್ರೆ ಓದಲ್ಲ. ನಮ್ಮ ಕ್ಲಾಸಿನ ಇನ್ನೂ ನಾಲ್ಕು ಜನ ತಾಯಂದಿರು ಗಾರ್ಮೆಂಟ್ಸ್‌ನಲ್ಲೇ ಇದ್ದಾರೆ, ಅವರ ಸಹಿನೂ ಹಾಕಿಸ್ತೀನಿ. ಪ್ರಿಂಟ್ ಹೇಗೆ ತಗೊಳ್ಳೋದು?

ನಲಿಕಲಿ ಟೀಚರ್ (10:16)

ಕೈಯಲ್ಲೇ ಬರೆದು ಕೊಡಿ ಅಕ್ಕ. ನಿಮ್ಮ ಮಗನ ಕೈಲೇ ಬರೆಸಿ, ಒಂದು ಪುಟ ನಕಲು ಬರೆದ ಹಾಗೂ ಆಯ್ತು.

ಮ್ಯೂಟ್ ಮಿಸ್ (10:20)

ಕೊನೇ ಮಾತು, ಆ ಯೂನಿಫಾರ್ಮ್ ವಾಕ್ಯ ತೆಗೆದುಬಿಡಿ. ಅದಿದ್ರೆ ಪ್ರಿನ್ಸಿಪಾಲರು ಶಿಸ್ತು ಅಂತ ಅದೊಂದಕ್ಕೇ ಎರಡು ಪುಟ ಉತ್ತರ ಬರೆದು ಉಳಿದಿದ್ದೆಲ್ಲ ಹಾಗೇ ಬಿಡ್ತಾರೆ.

ಕತ್ರಿಗುಪ್ಪೆ ಅಮ್ಮ (10:24)

ತೆಗೆದೆ. ಜೂನ್ ಕವರ್ ವಾಕ್ಯ ಸೇರಿಸಿದೆ. ನಮ್ಮ ಶಾಲೆಗೆ ಸೋಮವಾರ ಡೈರಿಯಲ್ಲಿಟ್ಟು ಕಳಿಸ್ತೀನಿ. ಕತ್ರಿಗುಪ್ಪೆ, ಬನಶಂಕರಿ ಕಡೆಯವರು ಯಾರಾದ್ರೂ ಸಹಿ ಹಾಕೋದಿದ್ರೆ ಭಾನುವಾರ ಸಂಜೆಯೊಳಗೆ ಹೇಳಿ.